ಮೂಗಿನ ನೇರಕ್ಕೆ

ಅತ್ತೆಯ ಕೋಣೆಯ ಹೊಸ್ತಿಲು ದಾಟುವಾಗ ನನ್ನ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು. ಸೆರಗು ತಾನಾಗಿ ಮೂಗಿಗೆ ಬರುತ್ತಿತ್ತು. ನಾನು ಬೇಕೆಂದು ಮಾಡುತ್ತಿದ್ದುದಲ್ಲ. ಕಣ್ಣಿಗೆ ಧೂಳು ಬಂದರೆ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲವೇ, ಹಾಗೆ. ಎರಡು ವರ್ಷ ಹೀಗೇ ನಡೆಯಿತು. ಆ ಎರಡು ವರ್ಷವೂ ನಾನದನ್ನು ತಪ್ಪೆಂದು ಎಣಿಸಿರಲಿಲ್ಲ.

2019ರ ಮಳೆಗಾಲದಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗ ಅವರಿಗೆ 82 ವರ್ಷ. ಆಪರೇಷನ್ ಆಯಿತು. ಆದರೆ ಅವರು ಮತ್ತೆ ಎದ್ದು ಓಡಾಡಲಿಲ್ಲ. ಶಿವಮೊಗ್ಗದ ನಮ್ಮ ಮನೆಯ ನಡುಮನೆಯಲ್ಲೇ ಒಂದು ಮೂಲೆಗೆ ಮಂಚ ಹಾಕಿದೆವು. ಆರು ತಿಂಗಳು ಕಳೆಯುವುದರೊಳಗೆ ಆ ಮಂಚ ಹಿಂದಿನ ಕೋಣೆಗೆ ಹೋಯಿತು. "ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಹಿತ್ತಲಿನ ಪಾರಿಜಾತ ಕಾಣುತ್ತದೆ" ಎಂದು ನಾನು ಇವರಿಗೆ ಹೇಳಿದೆ. ಗಾಳಿ ಬರುತ್ತಿದ್ದುದು ನಿಜ, ಪಾರಿಜಾತ ಕಾಣುತ್ತಿದ್ದುದೂ ನಿಜ. ಆದರೆ ಮಂಚ ಹೋದದ್ದು ಅದಕ್ಕಲ್ಲ. ಮೂತ್ರದ ವಾಸನೆ, ಬೆನ್ನಿನ ಹುಣ್ಣಿಗೆ ಹಚ್ಚುವ ಮುಲಾಮು, ಡೆಟಾಲು, ಹರಳೆಣ್ಣೆ ಎಲ್ಲ ಸೇರಿ ಒಂದಾದ ಆ ವಾಸನೆ ಮನೆಗೆ ಬಂದವರಿಗೆ ಬಡಿಯಬಾರದು ಎಂದು. ಬಂದವರ ಹೆಸರು ಹೇಳಿದೆನೇ ಹೊರತು, ತಾಳಲಾರದವಳು ನಾನೇ.

ಸೇವೆಯಲ್ಲಿ ಕೊರತೆ ಮಾಡಿದೆ ಎಂದು ಯಾರೂ ಹೇಳಲಾರರು. ಹೊತ್ತಿಗೆ ಸರಿಯಾಗಿ ಗಂಜಿ, ಮಾತ್ರೆ, ಮೈ ಒರೆಸುವುದು, ಬಟ್ಟೆ ಬದಲಿಸುವುದು. ಎಲ್ಲವನ್ನೂ ಮಾಡುತ್ತಿದ್ದೆ, ಬೇಗ ಬೇಗ, ಉಸಿರು ಬಿಗಿಹಿಡಿದು. ಮಾತು ಮಾತ್ರ ಇರಲಿಲ್ಲ. ಉಸಿರು ಬಿಗಿಹಿಡಿದವಳು ಮಾತಾಡುವುದು ಹೇಗೆ?

2021ರ ಮೇ ತಿಂಗಳಲ್ಲಿ ನನಗೆ ಕೊರೋನಾ ಬಂತು. ಬಾಡಿಗೆಗೆ ಕೊಡುತ್ತಿದ್ದ ಮಹಡಿಮನೆ ಆಗ ಖಾಲಿಯಿತ್ತು. ಹದಿನೇಳು ದಿನ ಅಲ್ಲಿ ಒಬ್ಬಳೇ ಇದ್ದೆ. ಜ್ವರ ಇಳಿಯಿತು, ಕೆಮ್ಮು ನಿಂತಿತು, ವಾಸನೆ ಮಾತ್ರ ಹೋದದ್ದು ಬರಲಿಲ್ಲ. ಕೆಳಗಿಳಿದು ಬಂದು ಒಗ್ಗರಣೆ ಹಾಕಿದರೆ ಸಾಸಿವೆ ಸಿಡಿದದ್ದು ಕೇಳುತ್ತದೆ, ಇಂಗಿನ ಸುಳಿವಿಲ್ಲ. ವಿಕ್ಸ್ ಡಬ್ಬಿಯನ್ನು ಮೂಗಿಗೆ ಹಿಡಿದರೆ ತಂಪಾಗುತ್ತದೆ, ಪರಿಮಳವಿಲ್ಲ. ಒಂದು ಮಧ್ಯಾಹ್ನ ಒಲೆಯ ಮೇಲಿಟ್ಟ ಹಾಲು ಉಕ್ಕಿ, ಸೀದು, ಪಾತ್ರೆಯ ತಳ ಕಪ್ಪಾಗುವವರೆಗೂ ನನಗೆ ಗೊತ್ತೇ ಆಗಲಿಲ್ಲ. ನಾನಾಗ ಅತ್ತೆಯ ಕೋಣೆಯಲ್ಲಿದ್ದೆ.

ಹೌದು, ಅತ್ತೆಯ ಕೋಣೆಯಲ್ಲಿ. ಮೂಗು ಹೋದಮೇಲೆ ಆ ಕೋಣೆ ನನಗೆ ಮನೆಯ ಉಳಿದೆಲ್ಲ ಕೋಣೆಗಳಂತೆ ಆಯಿತು. ಕೆಲಸ ಮುಗಿದ ಮೇಲೂ ಮಂಚದ ಅಂಚಿನಲ್ಲಿ ಕೂರತೊಡಗಿದೆ. ಮೂವತ್ತನಾಲ್ಕು ವರ್ಷ ಒಂದೇ ಸೂರಿನಡಿ ಇದ್ದೂ ಕೇಳದಿದ್ದ ಮಾತುಗಳು ಆ ಮೂರು ತಿಂಗಳಲ್ಲಿ ಕೇಳಿಸಿದವು. ತೀರ್ಥಹಳ್ಳಿ ಸೀಮೆಯ ಅವರ ತವರಿನ ಮಳೆ, ಹೆರಿಗೆಯಲ್ಲಿ ಹೋದ ಮೊದಲ ಮಗು, ಮಾವನಿಗೆ ಹೆದರಿ ಅಟ್ಟದ ಮೇಲೆ ಕದ್ದು ಓದಿದ ಪುಸ್ತಕಗಳು. ಒಂದು ದಿನ ತಲೆ ಬಾಚುತ್ತಿದ್ದಾಗ ಅತ್ತೆ ಹೇಳಿದರು: "ಈಗೀಗ ನಿನ್ನ ಸೆರಗು ಹೆಗಲ ಮೇಲೇ ಇರ್ತದಲ್ಲ ಮಾರಾಯ್ತಿ."

ಬಾಚಣಿಗೆ ಕೈಯಲ್ಲೇ ನಿಂತಿತು. ಸೊಂಟ ಮುರಿದ ಮುದುಕಿಯ ಕಣ್ಣು ಮುರಿದಿರಲಿಲ್ಲ. ಎರಡು ವರ್ಷ, ದಿನಕ್ಕೆ ಎಂಟು ಹತ್ತು ಸಲ, ಆ ಸೆರಗು ಮೂಗಿಗೇರುವುದನ್ನು ಅವರು ಮಲಗಿದಲ್ಲಿಂದ ನೋಡಿದ್ದರು. ಈಗ ಇಳಿದದ್ದನ್ನೂ ನೋಡಿದ್ದರು, ಅದನ್ನು ಅಕ್ಕರೆ ಎಂದು ತಿಳಿದಿದ್ದರು. ನನಗೆ ವಾಸನೆಯೇ ಬರುತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮೂಗು ಸತ್ತದ್ದರಿಂದ ಹುಟ್ಟಿದ ಪ್ರೀತಿ ಪ್ರೀತಿಯೇ? ಅದಕ್ಕೂ ಹಿಂದಿನ ಪ್ರಶ್ನೆ: ಮೂಗು ಇದ್ದಾಗ ಹುಟ್ಟಿದ ಅಸಹ್ಯಕ್ಕೆ ನಾನು ಹೊಣೆಯೇ? ಮೂಗು ನಾನು ಹೇಳಿದಂತೆ ಕೇಳುವ ಆಳೇನಲ್ಲವಲ್ಲ.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಪಂಚೇಂದ್ರಿಯಗಳ ಪಾಠ ಬಂದಾಗ ಕಣ್ಣಿಗೆ ಮೂರು ತರಗತಿ, ಕಿವಿಗೆ ಎರಡು, ಮೂಗಿಗೆ ಅರ್ಧ. ಕಳೆದುಕೊಂಡಮೇಲೆ ಬೆಲೆ ತಿಳಿಯಿತು. ಮಗಳು ಕಳಿಸಿದ ಲೇಖನಗಳನ್ನು, ಹಳೆಯ ಪುಸ್ತಕಗಳನ್ನು ಹರಡಿಕೊಂಡು ಕೂತೆ. ಈ ವೈರಸ್ ಮುಖ್ಯವಾಗಿ ಹಿಡಿಯುವುದು ವಾಸನೆ ತಿಳಿಯುವ ನರಕೋಶಗಳನ್ನಲ್ಲ, ಅವಕ್ಕೆ ಆಸರೆಯಾಗಿ ನಿಂತಿರುವ ಕೋಶಗಳನ್ನು ಎಂದು 2020ರಲ್ಲೇ ಕಂಡುಕೊಂಡಿದ್ದರು. ಆಸರೆ ಬಿದ್ದರೆ ನರವೂ ಸುಮ್ಮನಾಗುತ್ತದೆ. ಮನೆಯೊಳಗೂ ಹೀಗೇ ಅಲ್ಲವೇ ಎಂದುಕೊಂಡೆ.

ಓದುತ್ತಾ ಹೋದಾಗ, ನಾನು ಎಂದೂ ಪಾಠ ಮಾಡದಿದ್ದ ಎರಡನೆಯ ಮೂಗೊಂದರ ವಿಷಯ ಎದುರಾಯಿತು. ಮೂಗಿನ ಹೊಳ್ಳೆಗಳ ನಡುವಿನ ಗೋಡೆಯ ಬುಡದಲ್ಲಿ, ಬಾಯಿಯ ಅಂಗುಳಿನ ಮೇಲೆ, ಎರಡೂ ಪಕ್ಕದಲ್ಲಿ ಒಂದೊಂದು ಪುಟ್ಟ ಕೊಳವೆ. ಡೆನ್ಮಾರ್ಕಿನ ಲುಡ್ವಿಗ್ ಜೇಕಬ್ಸನ್ ಎಂಬ ಶಸ್ತ್ರವೈದ್ಯ 1813ರಲ್ಲಿ ಪ್ರಾಣಿಗಳಲ್ಲಿ ಅದನ್ನು ವಿವರಿಸಿದ. ಅದಕ್ಕೇ ಅವನ ಹೆಸರು. ವೊಮೆರೋನೇಸಲ್ ಅಂಗ ಎಂಬುದು ಅದರ ಇನ್ನೊಂದು ಹೆಸರು. ಕಪ್ಪೆಗಿದೆ, ಹಾವು ಹಲ್ಲಿಗಳಿಗಿದೆ, ಹಸು, ನಾಯಿ, ಬೆಕ್ಕು, ಆನೆಗಳಿಗಿದೆ. ಹಕ್ಕಿಗಳಿಗಿಲ್ಲ.

ಹೆಸರು ಹೊಸದಾದರೂ ಅದು ಕೆಲಸ ಮಾಡುವುದನ್ನು ನಾನು ಚಿಕ್ಕಂದಿನಲ್ಲೇ ನೋಡಿದ್ದೆ. ತವರಿನ ಕೊಟ್ಟಿಗೆಯಲ್ಲಿ ಹಸು ಉಚ್ಚೆ ಹೊಯ್ದರೆ ಹೋರಿ ಬಂದು ಮೂಸಿ, ಕತ್ತು ಮೇಲೆತ್ತಿ, ಮೇಲ್ದುಟಿ ಮಡಚಿ, ಆಕಾಶ ನೋಡುತ್ತಾ ನಿಲ್ಲುತ್ತಿತ್ತು. "ಹೋರಿ ನಗ್ತಿದೆ" ಎಂದು ನಾವು ಮಕ್ಕಳು ಕುಣಿಯುತ್ತಿದ್ದೆವು. ಅದು ನಗುತ್ತಿರಲಿಲ್ಲ. ಮೂಸಿದ್ದನ್ನು ಆ ಎರಡನೆಯ ಮೂಗಿಗೆ ಏರಿಸಿಕೊಂಡು, ಹಸು ಬೆದೆಗೆ ಬಂದಿದೆಯೇ ಎಂದು ಓದಿಕೊಳ್ಳುತ್ತಿತ್ತು. ಹಾವು ನಾಲಿಗೆ ಚಾಚುವುದು ಹೆದರಿಸಲಿಕ್ಕಲ್ಲ. ಸೀಳುನಾಲಿಗೆಯಿಂದ ಗಾಳಿಯ, ನೆಲದ ವಾಸನೆ ಅದ್ದಿ ತಂದು ಅಂಗುಳಿನ ಈ ಅಂಗಕ್ಕೆ ಒಪ್ಪಿಸುತ್ತದೆ. ನಮ್ಮೂರಿನ ಹತ್ತಿರದ ಸಕ್ರೆಬೈಲು ಬಿಡಾರದಲ್ಲಿ ಆನೆ ಸೊಂಡಿಲ ತುದಿಯಿಂದ ನೆಲದ ತೇವ ಮುಟ್ಟಿ, ಅದನ್ನು ಬಾಯೊಳಗೆ ಅಂಗುಳಿಗೆ ಒತ್ತುವುದನ್ನು ನೋಡಿದ್ದೇನೆ. ಏನೋ ತಿನ್ನುತ್ತಿದೆ ಎಂದುಕೊಂಡಿದ್ದೆ. ಆನೆಯೂ ಓದುತ್ತಿತ್ತು.

ಓದಿ ಸುಮ್ಮನಾಗುವುದಾದರೆ ಸರಿ. ಆದರೆ ಈ ಅಂಗದ ಸುದ್ದಿ ಹೋಗುವುದು ಮಿದುಳಿನಲ್ಲಿ ಭಯ, ಕೋಪ, ಕೂಡಿಕೆ, ತಾಯ್ತನಗಳನ್ನು ನಡೆಸುವ ಭಾಗಗಳಿಗೆ ನೇರವಾಗಿ. ಅಲ್ಲಿ ವಾಸನೆ ಎಂದರೆ ಬರಿಯ ಸುದ್ದಿಯಲ್ಲ, ಅಪ್ಪಣೆಗೆ ತೀರ ಹತ್ತಿರ. 1959ರಲ್ಲಿ ಇಂಗ್ಲೆಂಡಿನ ಹಿಲ್ಡಾ ಬ್ರೂಸ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡರು. ಆಗತಾನೇ ಗಂಡಿನೊಂದಿಗೆ ಕೂಡಿದ ಹೆಣ್ಣಿಲಿಯ ಬಳಿ ಬೇರೊಂದು, ಅಪರಿಚಿತ ಗಂಡಿಲಿಯನ್ನು ಬಿಟ್ಟರೆ ಅವಳ ಬಸಿರು ನಿಲ್ಲದೆ ಹೋಗುತ್ತದೆ. ಅವನು ಮುಟ್ಟಬೇಕಾಗಿಲ್ಲ, ಅವನ ವಾಸನೆ ಸಾಕು. ಆ ವಾಸನೆ ಕೆಲಸ ಮಾಡುವುದು ಈ ಎರಡನೆಯ ಮೂಗಿನ ದಾರಿಯಿಂದ ಎಂಬುದು ಆಮೇಲೆ ಗೊತ್ತಾಯಿತು. ಓದುವಾಗ ನನ್ನ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಯಿತು. ಆ ಇಲಿಗೆ "ಬೇಡ" ಎನ್ನುವ ದಾರಿಯೇ ಇಲ್ಲ. ಅವಳು ಮೂಗಿನ ಸೆರೆಯಾಳು.

ಹಾಗಾದರೆ ನಾನೂ ಸೆರೆಯಾಳೇ? ಹೌದೆಂದಿದ್ದರೆ ಎಷ್ಟು ಚೆನ್ನಾಗಿತ್ತು! ಸೆರಗು ಎತ್ತಿದ್ದು ನಾನಲ್ಲ, ನನ್ನೊಳಗಿನ ಇಲಿ ಎಂದುಬಿಡಬಹುದಿತ್ತು. ಆದರೆ ಪುಟ ತಿರುವಿದರೆ ಆ ನೆಪವೂ ಹೋಯಿತು. ಮನುಷ್ಯನ ಭ್ರೂಣದಲ್ಲಿ ಈ ಅಂಗ ಮೂಡುತ್ತದೆ, ಆಮೇಲೆ ಕುಗ್ಗುತ್ತದೆ. ದೊಡ್ಡವರಲ್ಲಿ ಕೆಲವರಿಗೆ ಮೂಗಿನೊಳಗೆ ಒಂದು ಪುಟ್ಟ ಗುಳಿ ಉಳಿದಿರುತ್ತದೆ, ಅಷ್ಟೇ. ಅಲ್ಲಿಂದ ಮಿದುಳಿಗೆ ಹೋಗುವ ನರ ಕಂಡುಬಂದಿಲ್ಲ. ಇಲಿಯಲ್ಲಿ ಈ ಅಂಗ ನಡೆಯಲು ಬೇಕಾದ ಒಂದು ಮುಖ್ಯ ಜೀನು ನಮ್ಮಲ್ಲಿ ಕೆಟ್ಟುಹೋಗಿದೆ. ನಮಗೂ ವಾನರಗಳಿಗೂ ಆಫ್ರಿಕಾ ಏಷ್ಯಾಗಳ ಕೋತಿಗಳಿಗೂ ಒಬ್ಬನೇ ಮೂಲಪುರುಷನಿದ್ದ ಕಾಲದಲ್ಲಿ, ಸುಮಾರು ಎರಡೂವರೆ ಕೋಟಿ ವರ್ಷಗಳ ಹಿಂದೆ, ಅದು ಕೆಟ್ಟಿತೆಂದು 2003ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅಪ್ಪಣೆ ಕೊಡುವ ಆ ತಂತಿ ನಾವು ಮನುಷ್ಯರಾಗುವ ಎಷ್ಟೋ ಮುಂಚೆಯೇ ಕಡಿದಿದೆ.

ಉಳಿದಿರುವುದು ಮೊದಲನೆಯ ಮೂಗು. ಅದೇನೂ ಕಡಿಮೆಯದಲ್ಲ. ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ವಾಸನೆ ಹಿಡಿಯುವ ಗ್ರಾಹಕಗಳ ಜೀನುಗಳನ್ನು ಪತ್ತೆ ಮಾಡಿದರು. 2004ರಲ್ಲಿ ಅದಕ್ಕೆ ನೊಬೆಲ್ ಬಂತು. ಇಲಿಗೆ ಅಂಥ ಸುಮಾರು ಸಾವಿರ ಬಗೆಯ ಗ್ರಾಹಕಗಳಿದ್ದರೆ ನಮಗೆ ನಾನೂರರಷ್ಟಿವೆ. ಹುಟ್ಟಿದ ಕೂಸು ಕಣ್ಣು ಬಿಡುವ ಮೊದಲೇ ತಾಯಿಯ ಮೊಲೆಯ ಕಡೆ ತಿರುಗುವುದರಲ್ಲಿ ಈ ಮೂಗಿನ ಪಾಲು ದೊಡ್ಡದು. ಆದರೆ ಈ ಮೂಗು ಹೇಳುವುದನ್ನು ನಾವು ಕೇಳಿಸಿಕೊಳ್ಳುವ ರೀತಿ ಮಾತ್ರ ಬೇರೆ. ಮುಚ್ಚಿದ ಡಬ್ಬಿ ತೆರೆದಾಗ ಇಂಗು ನಾರುತ್ತದೆ. ಅದೇ ಇಂಗು ಸಾರಿನ ಒಗ್ಗರಣೆಗೆ ಬಿದ್ದರೆ ಬಾಯಲ್ಲಿ ನೀರೂರುತ್ತದೆ. 2005ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳು ಜನರಿಗೆ ಒಂದೇ ವಾಸನೆಯನ್ನು ಎರಡು ಹೆಸರಿಟ್ಟು ಮೂಸಿಸಿದರು. ಚೀಸ್ ಎಂದಾಗ ಹಿತವೆನಿಸಿದ್ದು ಮೈವಾಸನೆ ಎಂದಾಗ ಹಿತವೆನಿಸಲಿಲ್ಲ. 2012ರಲ್ಲಿ ಅಮೆರಿಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಹರೆಯದವರು, ನಡುವಯಸ್ಸಿನವರು, 75 ದಾಟಿದವರು, ಹೀಗೆ ಮೂರು ವಯಸ್ಸಿನವರ ಬೆವರಿನ ಬಟ್ಟೆಗಳನ್ನು ಯಾರದೆಂದು ಹೇಳದೆ ಮೂಸಲು ಕೊಟ್ಟರು. ಮುದುಕರದೇ ಹೆಚ್ಚು ಅಸಹ್ಯವೆಂದು ನೀವೂ ಎಣಿಸಿರಬಹುದು, ನಾನೂ ಎಣಿಸಿದ್ದೆ. ಮೂಸಿದವರು ಮುದುಕರ ವಾಸನೆಯನ್ನು ಉಳಿದವರದಕ್ಕಿಂತ ಸೌಮ್ಯ, ಕಡಿಮೆ ಅಹಿತ ಎಂದರು.

ಅತ್ತೆಯ ಕೋಣೆಯದು ಬರಿಯ ಮುಪ್ಪಿನ ವಾಸನೆಯಾಗಿರಲಿಲ್ಲ, ನಿಜ. ಮೂತ್ರ ಮೂತ್ರವೇ. ಆದರೂ ನಾನು ತಿಳಿದುಕೊಂಡದ್ದು ಇಷ್ಟು: ಮೂಗು ತರುವುದು ಸುದ್ದಿ. ಅದಕ್ಕೆ ಹೆಸರಿಡುವವರು ನಾವು. 'ತಮ್ಮ ಮೂಗಿನ ನೇರಕ್ಕೆ ಮಾತಾಡುತ್ತಾರೆ' ಎಂದು ನಾವು ಬೇರೆಯವರನ್ನು ಆಡಿಕೊಳ್ಳುತ್ತೇವೆ. ಆ ಮಾತಿನಲ್ಲಿ ಮೂಗಿನ ತಪ್ಪೇನಿಲ್ಲ, ನೇರ ಮಾಡಿಕೊಂಡವರದು ತಪ್ಪು.

ಹೀಗೆ ಯೋಚಿಸುತ್ತಿದ್ದಾಗ ನೆನಪಾಯಿತು, ಅದೇ ಮಹಡಿಮನೆ. ಕೆಲವು ವರ್ಷಗಳ ಹಿಂದೆ ಬಾಡಿಗೆ ಕೇಳಿಕೊಂಡು ಒಂದು ಕುಟುಂಬ ಬಂದಿತ್ತು. ಗಂಡ, ಹೆಂಡತಿ, ಎರಡು ಮಕ್ಕಳು. ಹೆಸರು, ಊರು ಕೇಳಿದೆ. "ನಮ್ಮಲ್ಲಿ ವಯಸ್ಸಾದವರಿದ್ದಾರೆ, ಅಡುಗೆಯ ವಾಸನೆ ಅವರಿಗೆ ಆಗಿಬರುವುದಿಲ್ಲ" ಎಂದೆ. ಆ ಹೆಂಗಸು ಏನೂ ಹೇಳದೆ ಮಗುವಿನ ಕೈ ಹಿಡಿದು ಮೆಟ್ಟಿಲಿಳಿದಳು. ಅವರು ನಮ್ಮ ಮನೆಯಲ್ಲಿ ಒಲೆಯನ್ನೇ ಹಚ್ಚಿರಲಿಲ್ಲ. ನನ್ನ ಮೂಗಿಗೆ ಆ ದಿನ ಯಾವ ವಾಸನೆಯೂ ಬಂದಿರಲಿಲ್ಲ. ಬಂದದ್ದು ಹೆಸರು ಮಾತ್ರ. ನಮ್ಮ ಭಾಷೆಯಲ್ಲಿ ಮೂಗಿಗೆ ಬರುವುದಕ್ಕೂ, ಮನಸ್ಸಿಗೆ ಅಂಟಿಕೊಂಡು ಬಂದ ಹಳೆಯ ಸಂಸ್ಕಾರಕ್ಕೂ ವಾಸನೆ ಎಂಬ ಒಂದೇ ಮಾತಿದೆ. ಆ ದಿನ ನಾನು ಮೂಸಿದ್ದು ಎರಡನೆಯದನ್ನು. ಅದು ಅವರದಲ್ಲ, ನನ್ನದು.

ಇನ್ನೂ ಒಂದು ಇಲಿಯ ಕತೆ ಹೇಳಬೇಕು. ಹಾರ್ವರ್ಡಿನಲ್ಲಿ ಕ್ಯಾಥರಿನ್ ದುಲಾಕ್ ಎಂಬ ವಿಜ್ಞಾನಿ ಈ ಎರಡನೆಯ ಮೂಗಿನ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಹೆಣ್ಣಿನ ಸಂಗ ಕಾಣದ ಗಂಡಿಲಿಯ ಮುಂದೆ ಎಳೆಯ ಮರಿಗಳನ್ನಿಟ್ಟರೆ ಅದು ಅವನ್ನು ಕಚ್ಚಿ ಕೊಲ್ಲುವುದೇ ಹೆಚ್ಚು. ಆದರೆ ಆ ಅಂಗ ಕೆಲಸ ಮಾಡದ ಗಂಡಿಲಿಗಳು ಮರಿಗಳನ್ನು ಕೊಲ್ಲದೆ, ಗೂಡಿಗೆ ತಂದು, ನೆಕ್ಕಿ, ಮೈಬಿಸಿ ಕೊಟ್ಟು ಸಾಕುತ್ತವೆ ಎಂದು ಅವರ ತಂಡ 2014ರಲ್ಲಿ ತೋರಿಸಿತು. ಸಾಕುವ ಗುಣ ಒಳಗೆ ಇದ್ದೇ ಇತ್ತು, ಮೂಗು ಅದನ್ನು ಅದುಮಿತ್ತು.

ಓದಿ ಪುಸ್ತಕ ಮಡಚಿಟ್ಟೆ. ಆ ಗಂಡಿಲಿ ನಾನೇ. ಮೂಗು ಸುಮ್ಮನಾದೊಡನೆ ಒಳ್ಳೆಯವಳಾದವಳು. ಆ ಇಲಿಯನ್ನು ದಯಾವಂತ ಎಂದು ಯಾರೂ ಹೊಗಳುವುದಿಲ್ಲ, ಹಾಗಾದರೆ ನನ್ನನ್ನೇಕೆ? ಕಷ್ಟವಿಲ್ಲದ ಒಳ್ಳೆಯತನಕ್ಕೆ ಬೆಲೆಯೇನು? ಆದರೆ ಒಂದು ಸಮಾಧಾನವೂ ಆಯಿತು. ಒಳಗೆ ಇಲ್ಲದ್ದು ಮೂಗು ಹೋದಮಾತ್ರಕ್ಕೆ ಬರುತ್ತಿರಲಿಲ್ಲ. ಇಲಿಗೂ ನನಗೂ ವ್ಯತ್ಯಾಸವಿದ್ದರೆ ಅದು ತಿಳಿಯುವುದು ಮುಂದೆ, ಮೂಗು ಮರಳಿ ಬಂದ ದಿನ.

ಚೌತಿ ಕಳೆದು ಕೆಲವು ದಿನಗಳಾಗಿದ್ದವು. ಮೂಗಿನ ನರಕೋಶಗಳು ನಮ್ಮ ಆಯುಷ್ಯವಿಡೀ ಹೊಸದಾಗಿ ಹುಟ್ಟುತ್ತಲೇ ಇರುತ್ತವಂತೆ. ಅಲ್ಲಿಯವರೆಗೆ ಕಾಫಿಯೋ ಮಲ್ಲಿಗೆಯೋ ಮೊದಲು ತಿಳಿಯಲಿ ಎಂದು ದಿನವೂ ಮೂಸಿ ನೋಡುತ್ತಿದ್ದೆ. ಮೊದಲು ಬಂದದ್ದು ಅವೆರಡೂ ಅಲ್ಲ. ಬೆಳಿಗ್ಗೆ ಅತ್ತೆಯ ಹಾಸಿಗೆಯ ಬಟ್ಟೆ ತೆಗೆಯಲು ಬಗ್ಗಿದಾಗ ಅದು ಬಂತು, ಇಡಿಯಾಗಿ, ಎದೆಗೆ ಗುದ್ದಿದಂತೆ. ಕೈ ಎದ್ದಿತು. ಸೆರಗಿನ ಅಂಚು ಬೆರಳಿಗೆ ಸಿಕ್ಕಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಕೈ ಇಳಿಸಿದೆ. ದೊಡ್ಡಸ್ತಿಕೆಯಿಂದಲ್ಲ, ನಾಚಿಕೆಯಿಂದ. ಬಾಯಿಂದ ಉಸಿರಾಡುತ್ತಾ ಬಟ್ಟೆ ಬದಲಿಸಿದೆ. ಮರುದಿನವೂ ಹಾಗೇ. ವಾಸನೆ ಕಡಿಮೆಯಾಗಲಿಲ್ಲ, ಆದರೆ ಎಷ್ಟೋ ಹೊತ್ತು ಕೂತರೆ ಅದು ಹಿಂದೆ ಸರಿದು ನಿಲ್ಲುತ್ತದೆ ಎಂದು ಗೊತ್ತಾಯಿತು. ಮೊದಲಿನ ಎರಡು ವರ್ಷ ನಾನು ಅಷ್ಟು ಹೊತ್ತು ಅಲ್ಲಿ ಕೂತೇ ಇರಲಿಲ್ಲ.

ವಾರ ಕಳೆದಮೇಲೆ ತಡೆಯಲಾಗಲಿಲ್ಲ. "ಅತ್ತೆ, ನಿಮಗೊಂದು ಹೇಳಬೇಕು. ಮೂರು ತಿಂಗಳು ನನಗೆ ವಾಸನೆಯೇ ಬರ್ತಿರಲಿಲ್ಲ. ಅದಕ್ಕೇ ನಾನು..."

"ಗೊತ್ತಿತ್ತು" ಎಂದರು ಅತ್ತೆ. "ಆವತ್ತು ಹಾಲು ಸೀದ ವಾಸನೆ ನನಗೆ ಇಲ್ಲಿಗೇ ಬಂತು. ನೀನು ನನ್ನ ಪಕ್ಕದಲ್ಲೇ ಕೂತು ಮಾತಾಡ್ತಾ ಇದ್ದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎದ್ದು ಹೋಗ್ತಿದ್ದೆ."

ನನಗೆ ಅಳು ಬಂತು. ಅತ್ತೆ ಅಳುವುದನ್ನು ಸಹಿಸುವವರಲ್ಲ, ಮಾತು ಬೇರೆ ಕಡೆ ತಿರುಗಿಸಿದರು. ಕರು ಸತ್ತ ಹಸು ಹಾಲು ಕೊಡದೆ ನಿಂತಾಗ, ಸತ್ತ ಕರುವಿನ ಚರ್ಮಕ್ಕೆ ಒಣಹುಲ್ಲು ತುಂಬಿ ಎದುರಿಗೆ ನಿಲ್ಲಿಸುವ ಪದ್ಧತಿ ನಮ್ಮ ಕಡೆ ಇತ್ತು. ಹಸು ಅದನ್ನು ನೆಕ್ಕುತ್ತಾ ಹಾಲಿಳಿಸುತ್ತದೆ. ನನಗದು ಮೊದಲಿನಿಂದಲೂ ಕ್ರೂರವೆಂದೇ ಅನಿಸಿತ್ತು, ತಾಯಿಯ ಮೂಗಿಗೆ ಮಾಡುವ ಮೋಸ ಎಂದು. ಅತ್ತೆ ಅದನ್ನೇ ನೆನಪಿಸಿ ಹೇಳಿದರು: "ಹಸುಗೆ ಮೋಸ ಆಗ್ತದೆ ಅಂತ ಮಾಡಿದ್ದೀಯಾ? ದಿನಾ ಹುಲ್ಲು ತಿನ್ನೋ ಪ್ರಾಣಿಗೆ ಹುಲ್ಲಿನ ವಾಸನೆ ಗೊತ್ತಾಗಲ್ವಾ? ಗೊತ್ತಿದ್ದೇ ನೆಕ್ತದೆ. ನೀನೂ ಈಗ ಒಂದು ವಾರದಿಂದ ಬಾಯಲ್ಲಿ ಉಸಿರಾಡ್ತಾ ಇದ್ದೀ. ನಂಗೆ ಕಾಣಲ್ವಾ?"

ಹಸುವಿಗೆ ನಿಜಕ್ಕೂ ಗೊತ್ತಿರುತ್ತದೆಯೇ? ಮೂವತ್ತು ವರ್ಷ ಪಾಠ ಹೇಳಿದ ನಾನು ಅದಕ್ಕೆ ಉತ್ತರ ಕೊಡಲಾರೆ. ಅತ್ತೆ ಕೊಟ್ಟದ್ದು ಜೀವಶಾಸ್ತ್ರದ ಉತ್ತರವಲ್ಲ, ನನಗೆ ಕೊಟ್ಟ ಕ್ಷಮೆ. ವಾಸನೆ ಬರುವುದು ತಪ್ಪಲ್ಲ, ಬಂದೂ ಕೂರುವುದಿದೆ ಎಂದು.

ಮರುದಿನ ಮಂಚವನ್ನು ನಡುಮನೆಗೆ ತರಿಸಿದೆ. "ಗಾಳಿ?" ಎಂದರು ಇವರು. "ಕಿಟಕಿ ತೆರೆದರೆ ಇಲ್ಲಿಯೂ ಬರುತ್ತದೆ" ಎಂದೆ.

ಮಹಾನವಮಿಯ ಹೊತ್ತಿಗೆ ನೆಂಟರೊಬ್ಬರು ಬಂದರು. ನಾನು ಅತ್ತೆಯ ಮಂಚದ ಮೇಲೆ, ಅವರ ತಲೆಯ ಬಳಿ ಕೂತು ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಬಾಯಿಗಿಡುತ್ತಿದ್ದೆ. ಆಕೆ ಹೊಸ್ತಿಲು ದಾಟಿದರು, ನಕ್ಕರು, ಎರಡು ಹೆಜ್ಜೆ ಮುಂದೆ ಬಂದರು. ಅವರ ಕೈ ತಾನಾಗಿ ಸೆರಗಿಗೆ ಹೋಯಿತು, ಸೆರಗು ಮೂಗಿಗೆ ಬಂತು. ಮಂಚದ ಕಡೆಯಿಂದ ಅದು ಹೇಗೆ ಕಾಣುತ್ತದೆ ಎಂಬುದನ್ನು ನಾನು ಆ ದಿನ ಮೊದಲ ಸಲ ನೋಡಿದೆ. ಅತ್ತೆ ಏನೂ ಹೇಳಲಿಲ್ಲ. ಹೊದಿಕೆಯ ಕೆಳಗಿನಿಂದ ನನ್ನ ಕೈಯನ್ನು ಹುಡುಕಿ ಮೆಲ್ಲಗೆ ಚಿವುಟಿದರು.